ಗಂಧಕದ ಉಂಗುರ ಮತ್ತು ವಿದ್ಯುತ್ ಹರಿಸುವ ಪಾಲಿಮರ್

ತಾಮ್ರದ ತಂತಿ ವಿದ್ಯುತ್ತನ್ನು ಹರಿಯಗೊಡುತ್ತದೆ. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ತಡೆಯುತ್ತದೆ. ಈ ರೂಢಿಯ ತಿಳಿವಳಿಕೆಯನ್ನು 1977ರಲ್ಲಿ ಶಿರಾಕಾವಾ, ಮ್ಯಾಕ್‌ಡಯರ್ಮಿಡ್ ಮತ್ತು ಹೀಗರ್ ಅವರು ಬದಲಿಸಿದರು. ಪಾಲಿಅಸಿಟಿಲೀನ್ ಹಾಳೆಗೆ ಅಯೋಡಿನ್ ಸೋಕಿಸಿದಾಗ ಅದರ ವಾಹಕತೆ ಸುಮಾರು ಒಂದು ಕೋಟಿ ಪಟ್ಟು ಹೆಚ್ಚಿತು. ಈ ಸಾಧನೆಗೆ 2000ದಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇಂತಹ ಸರಪಳಿಯಲ್ಲಿ ಏಕಬಂಧ, ದ್ವಿಬಂಧಗಳು ಒಂದರ ನಂತರ ಒಂದು ಬರುತ್ತವೆ. ಅಯೋಡಿನ್ ಅಲ್ಲಿಂದ ಕೆಲವು ಎಲೆಕ್ಟ್ರಾನುಗಳನ್ನು ಕಸಿಯುತ್ತದೆ. ತುಂಬಿದ ಊಟದ ಪಂಕ್ತಿಯಲ್ಲಿ ಒಬ್ಬರು ಎದ್ದರೆ ಉಳಿದವರು ಸರಿದು ಕೂರಲು ಎಡೆಯಾಗುವಂತೆ, ಎಲೆಕ್ಟ್ರಾನುಗಳ ಚಲನೆಗೆ ಆಗ ಅವಕಾಶ ದೊರೆಯುತ್ತದೆ. ಆದರೆ ಪಾಲಿಅಸಿಟಿಲೀನ್ ಗಾಳಿಯಲ್ಲಿ ಬೇಗನೆ ಕೆಡುತ್ತದೆ.

ಈ ಕೊರತೆಯನ್ನು ನೀಗುವ ದಾರಿಯೊಂದು ಥಯೊಫೀನಿನಿಂದ ದೊರೆಯಿತು. ಕಲ್ಲಿದ್ದಲಿನ ಟಾರಿನಿಂದ ಪಡೆದ ಬೆಂಜೀನಿನಲ್ಲಿ ಕಲಬೆರಕೆಯಾಗಿ ಅಡಗಿದ್ದ ಇದನ್ನು 1882ರಲ್ಲಿ ವಿಕ್ಟರ್ ಮೇಯರ್ ಗುರುತಿಸಿದ್ದನು. ನಾಲ್ಕು ಇಂಗಾಲ, ಒಂದು ಗಂಧಕ ಸೇರಿದ ಐದು ಮೂಲೆಯ ಉಂಗುರ ಇದು. ಇಂಗಾಲದೊಡನೆ ಬೇರೆ ಪರಮಾಣುವೂ ಸೇರಿದ ಇಂತಹ ಉಂಗುರವನ್ನು ವಿಷಮಚಕ್ರ ಎನ್ನಬಹುದು. ಗಂಧಕದ ಎಲೆಕ್ಟ್ರಾನ್ ಜೋಡಿಯೊಂದು ಉಂಗುರದ ಎಲೆಕ್ಟ್ರಾನ್ ಮೋಡದಲ್ಲಿ ಪಾಲುಗೊಳ್ಳುವುದರಿಂದ ರಚನೆಗೆ ಸ್ಥಿರತೆ ಒದಗುತ್ತದೆ.

ಉಂಗುರಗಳು ಗಂಧಕದ ಅಕ್ಕಪಕ್ಕದ ಇಂಗಾಲಗಳ ಮೂಲಕ ಕೂಡಿಕೊಂಡರೆ ನೇರವಾದ ಸರಪಳಿ ಬೆಳೆಯುತ್ತದೆ. ಉಳಿದೆರಡು ಮೂಲೆಗಳಲ್ಲಿಯೂ ಕೂಡಿಕೆಯಾದರೆ ಕವಲೊಡೆದು ವಾಹಕತೆ ಕುಂದುತ್ತದೆ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯಲ್ಲಿ ರೂಪುಗೊಂಡ ಪೆಡಾಟ್ ಎಂಬ ಪಾಲಿಮರಿನಲ್ಲಿ ಆ ಎರಡು ಮೂಲೆಗಳನ್ನು ಆಮ್ಲಜನಕದ ಸೇತುವೆಯೊಂದು ಮುಚ್ಚಿದೆ. ಅದೇ ಆಮ್ಲಜನಕ ಎಲೆಕ್ಟ್ರಾನ್ ಸಾಂದ್ರತೆಯನ್ನು ಹೆಚ್ಚಿಸಿ ವಾಹಕಸ್ಥಿತಿಯನ್ನು ಕಾಪಾಡುತ್ತದೆ.

ಆದರೂ ತೊಡಕು ತೀರಲಿಲ್ಲ. ಪೆಡಾಟ್ ಕರಗದು, ಕರಗದ ವಸ್ತುವನ್ನು ತೆಳುವಾಗಿ ಲೇಪಿಸುವುದು ಕಷ್ಟ. ಋಣಾವೇಶವುಳ್ಳ ಪಾಲಿಸ್ಟೈರೀನ್ ಸಲ್ಫೊನೇಟಿನ ಜೊತೆಗೂಡಿಸಿದಾಗ ಅದು ನೀರಿನಲ್ಲಿ ಹರಡಿ ನಿಂತಿತು. ಛಾಯಾಚಿತ್ರದ ಫಿಲ್ಮಿನಲ್ಲಿ ಸ್ಥಾಯೀ ವಿದ್ಯುತ್ತನ್ನು ತಡೆಯುವ ಲೇಪವಾಗಿ ಅದು ಬಳಕೆಗೆ ಬಂದಿತು. ಪೆಡಾಟ್ ಕೆಪಾಸಿಟರುಗಳಲ್ಲಿಯೂ ನೆಲೆಯೂರಿತು. ಇದಕ್ಕೆ ತೆತ್ತ ಬೆಲೆಯೂ ಉಂಟು: ಜೊತೆಗಾರ ಪಾಲಿಮರ್ ಸ್ವತಃ ವಿದ್ಯುತ್ ಹರಿಸದು, ಆಮ್ಲೀಯವಾದ ಅದು ತೇವವನ್ನು ಹೀರುತ್ತದೆ. ಆದುದರಿಂದ ಸಲ್ಫೊನೇಟ್ ಗುಂಪನ್ನು ಥಯೊಫೀನ್ ಸರಪಳಿಗೇ ಜೋಡಿಸಿ, ಜೊತೆಗಾರನ ಹಂಗಿಲ್ಲದ ಪಾಲಿಮರುಗಳನ್ನೂ ರಚಿಸಲಾಗಿದೆ.

ಹೀಗೆ, ವಿದ್ಯುತ್ ಹರಿದರಷ್ಟೇ ಸಾಲದು. ವಸ್ತು ಗಾಳಿಯಲ್ಲಿ ಬಾಳಬೇಕು, ಕೈಕೆಲಸಕ್ಕೆ ಒಗ್ಗಬೇಕು. ಈ ಮೂರನ್ನೂ ಒಂದೇ ಅಣುವಿನಲ್ಲಿ ಹೊಂದಿಸುವುದೇ ಗಂಧಕಯುಕ್ತ ಪಾಲಿಮರುಗಳ ಸಂಶೋಧನೆಯ ತಿರುಳು.