ಹನ್ನೆರಡು ಸೆಂಟಿಮೀಟರಿನ ಅಂಬಾಸಿಡರ್

ನಿವೃತ್ತಿಯಾದ ಮೇಲೆ ಏನು ಮಾಡುತ್ತಿದ್ದೀರಿ ಎಂದು ಕೇಳಿದವರಿಗೆ ನಾನು ಬಹಳ ಕಾಲ ನಿಜ ಹೇಳಲಿಲ್ಲ. 'ಓದುತ್ತಿದ್ದೇನೆ' ಎಂದರೆ ಗೌರವ ಉಳಿಯುತ್ತದೆ. 'ತೋಟ ಮಾಡಿಸುತ್ತಿದ್ದೇನೆ' ಎಂದರೆ ಕೇಳಿದವರಲ್ಲಿ ಕೊಂಚ ಅಸೂಯೆಯೂ ಹುಟ್ಟೀತು. 'ಆಟಿಕೆ ಕಾರಿಗೆ ಬಣ್ಣ ಹಚ್ಚುತ್ತಿದ್ದೇನೆ' ಎಂದರೆ ಮಾತ್ರ ಅವರು ಮೊದಲು ನನ್ನ ಮುಖವನ್ನೂ ಅನಂತರ ನನ್ನ ಹೆಂಡತಿಯ ಮುಖವನ್ನೂ ನೋಡುತ್ತಾರೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರೂವರೆ ದಶಕ ಸರ್ಕಾರಿ ಕಡತಗಳೊಡನೆ ಗುದ್ದಾಡಿದ ಮನುಷ್ಯನಿಗೆ ಹೀಗಾಗಬಾರದಿತ್ತು ಎಂಬ ಅನುಕಂಪ ಅವರ ಕಣ್ಣಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇದಕ್ಕೆಲ್ಲ ಕಾರಣ ನನ್ನ ಮೊಮ್ಮಗ. ಅವನಿಗೆಂದು ಬಿಳಿ ಪ್ಲಾಸ್ಟಿಕ್ಕಿನ ಅಂಬಾಸಿಡರ್ ಕಾರೊಂದನ್ನು ತಂದಿದ್ದೆ. ಹಿಂದಕ್ಕೆಳೆದು ಬಿಟ್ಟರೆ ಮುಂದಕ್ಕೋಡುವ ಬಗೆಯದು. ಎರಡೇ ದಿನಗಳಲ್ಲಿ 'ತಾತ, ಇದು ಬೇಡ, ಕೆಂಪು ರೇಸ್ ಕಾರು ಬೇಕು' ಎಂದು ಅದನ್ನು ನನಗೇ ಹಿಂದಿರುಗಿಸಿದ. ಒಂದು ಮಧ್ಯಾಹ್ನ ಸುಮ್ಮನೆ ಕುಳಿತಿದ್ದಾಗ ಅದನ್ನು ಪಟ್ಟಿಯಿಂದ ಅಳೆದೆ. ಉದ್ದ ಸರಿಯಾಗಿ 12 ಸೆಂಟಿಮೀಟರ್. ನಿಜವಾದ ಅಂಬಾಸಿಡರಿನ ಉದ್ದ 4,325 ಮಿಲಿಮೀಟರ್. ಅಂದರೆ ನನ್ನ ಕೈಯಲ್ಲಿದ್ದದ್ದು ಮೂಲದ ಮೂವತ್ತಾರನೆಯ ಒಂದು ಭಾಗ. ಆ ಲೆಕ್ಕದಲ್ಲಿ ಅಗಲ 46 ಮಿಲಿಮೀಟರ್ ಇರಬೇಕಿತ್ತು, 50 ಇತ್ತು. ಚಕ್ರದ ವ್ಯಾಸ 19 ಮಿಲಿಮೀಟರಿಗಿಂತ ಕೊಂಚ ಕಡಿಮೆ ಇರಬೇಕಿತ್ತು, 22 ಇತ್ತು. ಮಕ್ಕಳ ಆಟಕ್ಕೆ ಇಷ್ಟು ಸಾಕು, ನಿಜ. ಆದರೆ ಕೂಡಿಸಿದ ಮೊತ್ತ ತಾಳೆಯಾಗದ ಕಡತವನ್ನು ಹಾಗೆಯೇ ಮುಂದಕ್ಕೆ ಕಳುಹಿಸುವ ಅಭ್ಯಾಸ ನನಗೆ ಎಂದೂ ಇರಲಿಲ್ಲ. ಅಂದು ಸಂಜೆಯೇ ಒಂದು ಉಪ್ಪುಕಾಗದ ತಂದೆ.

ಇದೊಂದು ಪ್ರಪಂಚವ್ಯಾಪಿ ಹವ್ಯಾಸ, ಅದಕ್ಕೊಂದು ಗಂಭೀರ ಚರಿತ್ರೆಯಿದೆ ಎಂಬುದು ತಿಳಿದದ್ದು ಆಮೇಲೆ. ಲಿವರ್‌ಪೂಲಿನ ಮೆಕ್ಯಾನೊ ಕಂಪನಿ ತನ್ನ ಹಾರ್ನ್‌ಬಿ ಆಟಿಕೆ ರೈಲುಗಳ ಪಕ್ಕದಲ್ಲಿ ನಿಲ್ಲಿಸಲೆಂದು ಪುಟ್ಟ ಲೋಹದ ಕಾರುಗಳನ್ನು ಮಾಡಿತು; 1934ರಿಂದ ಅವು ಡಿಂಕಿ ಎಂಬ ಹೆಸರಿನಲ್ಲಿ ಮಾರಾಟವಾದವು. ಆ ರೈಲಿನ ಅಳತೆ ಒಂದು ಅಡಿಗೆ ಏಳು ಮಿಲಿಮೀಟರ್. ಸಂಗ್ರಾಹಕರು ಇಂದಿಗೂ ಆದರಿಸುವ 1:43 ಎಂಬ ವಿಚಿತ್ರ ಪ್ರಮಾಣದ ಮೂಲ ಅದು. ನಮ್ಮ ಎಷ್ಟೋ ನಿಯಮಾವಳಿಗಳಂತೆ, ಕಾರಣ ಮರೆತುಹೋಗಿ ಸಂಖ್ಯೆ ಮಾತ್ರ ಉಳಿದಿದೆ.

ಬಿಡಿಭಾಗಗಳನ್ನು ಜೋಡಿಸಿ, ತನಗೆ ಬೇಕಾದಂತೆ ಮಾರ್ಪಡಿಸುವ ಹುಚ್ಚು ಹಬ್ಬಿದ್ದು ಅಮೆರಿಕದಲ್ಲಿ. ಎ.ಎಂ.ಟಿ. ಎಂಬ ಕಂಪನಿ 1958ರಲ್ಲಿ 'ಒಂದರಲ್ಲಿ ಮೂರು' ಎಂಬ ಪೆಟ್ಟಿಗೆಗಳನ್ನು ಮಾರುಕಟ್ಟೆಗೆ ತಂದಿತು. ಒಂದೇ ಪೆಟ್ಟಿಗೆಯ ಭಾಗಗಳಿಂದ ಕಾರ್ಖಾನೆಯಿಂದ ಬಂದಂತಹ ಕಾರನ್ನಾದರೂ ಮಾಡಬಹುದು, ರೇಸಿನ ಕಾರನ್ನಾದರೂ ಮಾಡಬಹುದು, ಇಲ್ಲವೇ ಮನಸ್ಸಿಗೆ ಬಂದಂತೆ ಅಲಂಕರಿಸಿದ ಕಾರನ್ನಾದರೂ ಮಾಡಬಹುದು. ನಿಜವಾದ ಕಾರು ಕೊಳ್ಳಲು ಕಾಸಿಲ್ಲದ ಹದಿಹರೆಯದ ಹುಡುಗರು ಅಡಿಗೆಮನೆಯ ಮೇಜಿನ ಮೇಲೆ ತಮ್ಮ ಕನಸಿನ ಕಾರುಗಳನ್ನು ಕಟ್ಟಿದರು.

ಅದಕ್ಕೂ ಮೊದಲೇ ಜನರಲ್ ಮೋಟರ್ಸ್ ಈ ಹುಚ್ಚಿನ ಬೆಲೆಯನ್ನು ಅರಿತಿತ್ತು. 1930ರಿಂದ 1968ರವರೆಗೆ ಅದರ ಆಶ್ರಯದಲ್ಲಿ ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್ ಎಂಬ ಸಂಸ್ಥೆ ಹುಡುಗರಿಗಾಗಿ ಮಾದರಿ ತಯಾರಿಕೆಯ ಸ್ಪರ್ಧೆ ನಡೆಸುತ್ತಿತ್ತು. ಮೊದಮೊದಲು ಅರಸರ ಕಾಲದ ಕುದುರೆ ಸಾರೋಟು, ಆಮೇಲೆ ತಾವೇ ಕಲ್ಪಿಸಿದ ಕಾರು. ಬಹುಮಾನ ಕಾಲೇಜು ವ್ಯಾಸಂಗಕ್ಕೆ ವಿದ್ಯಾರ್ಥಿವೇತನ. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಎಂಬ ಹುಡುಗ ಮುಂದೆ ಅದೇ ಜನರಲ್ ಮೋಟರ್ಸಿನ ಇಡೀ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. ನಮ್ಮ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಮಾನವ ಬಂಡವಾಳ ಎಂಬ ಅಧ್ಯಾಯವಿರುತ್ತದೆ. ಅದರಲ್ಲಿ ಅಂಟು, ಬ್ಲೇಡು, ಮರದ ತುಂಡುಗಳ ಪ್ರಸ್ತಾಪವನ್ನು ನಾನು ಓದಿದ ನೆನಪಿಲ್ಲ.

ಜಪಾನಿನ ಕಥೆ ಇನ್ನೂ ಸ್ವಾರಸ್ಯಕರ. ಶಿಜುಓಕಾ ನಗರದ ತಮಿಯಾ ಕಂಪನಿ 1946ರಲ್ಲಿ ಆರಂಭವಾದದ್ದು ಮರದ ವ್ಯಾಪಾರವಾಗಿ. ಮರದ ಮಾದರಿಗಳಿಂದ ಅದು 1960ರಲ್ಲಿ ಪ್ಲಾಸ್ಟಿಕ್ಕಿಗೆ ಹೊರಳಿತು. 1976ರಲ್ಲಿ ಅದು ಹೊರತಂದ ಪೋರ್ಷೆ 934ರ ಮಾದರಿಗಾಗಿ ನಿಜವಾದ ಪೋರ್ಷೆ 911 ಕಾರೊಂದನ್ನು ಕೊಂಡು, ತಿರುಪು ತಿರುಪಾಗಿ ಬಿಚ್ಚಿ ಅಳತೆ ತೆಗೆದುಕೊಂಡರಂತೆ. ಆಟಿಕೆಯೊಂದಕ್ಕಾಗಿ ಇಷ್ಟು ವೆಚ್ಚವೇ ಎಂದು ಲೆಕ್ಕಪರಿಶೋಧಕರು ಟಿಪ್ಪಣಿ ಬರೆಯುವಂಥ ಕೆಲಸ. ಆ ಸಂಸ್ಥೆಯನ್ನು ಬೆಳೆಸಿದ ಶುನ್‌ಸಾಕು ತಮಿಯಾ 2025ರ ಜುಲೈನಲ್ಲಿ ತೀರಿಕೊಂಡರು.

ಇಷ್ಟೆಲ್ಲ ಇದ್ದರೂ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ನಮ್ಮ ರಸ್ತೆಗಳನ್ನು ಆಳಿದ ಅಂಬಾಸಿಡರಿಗೆ ಆ ದೊಡ್ಡ ಕಂಪನಿಗಳ ಪೆಟ್ಟಿಗೆಗಳಲ್ಲಿ ಜಾಗ ಸಿಗಲಿಲ್ಲ. ಕಾರಣ ಸರಳ. ಪ್ಲಾಸ್ಟಿಕ್ ಮಾದರಿಯ ವೆಚ್ಚವೆಲ್ಲ ಇರುವುದು ಉಕ್ಕಿನ ಅಚ್ಚಿನಲ್ಲಿ. ಅಚ್ಚು ಸಿದ್ಧವಾದ ಮೇಲೆ ಸಾವಿರನೆಯ ಪ್ರತಿಗೆ ತಗಲುವುದು ಕೇವಲ ಪುಡಿಗಾಸು. ಹಾಗಾಗಿ ಹತ್ತಾರು ದೇಶಗಳಲ್ಲಿ ಸಾವಿರಾರು ಮಂದಿ ಕೊಳ್ಳುವ ಕಾರಿಗೆ ಮಾತ್ರ ಅಚ್ಚು ಹುಟ್ಟುತ್ತದೆ. ನಮ್ಮ ಕಾರು ಬೇಕೆಂದರೆ ನಾವೇ ಕೈಯಾರೆ ಮಾಡಿಕೊಳ್ಳಬೇಕು, ಇಲ್ಲವೇ ನನ್ನಂತೆ ಆಟಿಕೆಯೊಂದನ್ನು ತಿದ್ದಬೇಕು.

ಹೊರದೇಶದ ಪೆಟ್ಟಿಗೆ ತರಿಸಿ ಕಲಿಯೋಣವೆಂದರೆ ಅದರಲ್ಲಿಯೂ ತೊಡಕು. ಸುಂಕದ ಪಟ್ಟಿಯ 9503ನೆಯ ಶೀರ್ಷಿಕೆಯಡಿ ಮಕ್ಕಳ ಮೂರು ಚಕ್ರದ ಸೈಕಲ್ಲು, ಗೊಂಬೆ, ಒಗಟಿನ ಆಟ, ಪ್ರಮಾಣಬದ್ಧ ಮಾದರಿ ಎಲ್ಲವೂ ಒಂದೇ ಸಾಲಿನಲ್ಲಿ ಕುಳಿತಿವೆ. ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿತು. 2021ರ ಜನವರಿ 1ರಿಂದ ಗುಣಮಟ್ಟ ನಿಯಂತ್ರಣ ಆದೇಶವೂ ಜಾರಿಗೆ ಬಂತು. ಅದು ಹದಿನಾಲ್ಕು ವರ್ಷದೊಳಗಿನವರು ಆಡುವ ವಸ್ತುಗಳಿಗೆ ಸಂಬಂಧಿಸಿದ್ದು. ಅಗ್ಗದ, ಅಪಾಯಕಾರಿ ಆಟಿಕೆಗಳಿಂದ ಮಕ್ಕಳನ್ನೂ ನಮ್ಮ ತಯಾರಕರನ್ನೂ ಕಾಪಾಡುವ ಉದ್ದೇಶಕ್ಕೆ ನನ್ನ ತಕರಾರಿಲ್ಲ. ಎಳೆಯ ಉದ್ಯಮಕ್ಕೆ ರಕ್ಷಣೆ ಬೇಕು ಎಂಬ ವಾದವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದವನು ನಾನು. ಆದರೆ ಜೋಡಿಸುವ ಕಾರಿನ ಪೆಟ್ಟಿಗೆಗಳನ್ನು ತಯಾರಿಸುವ ಉದ್ಯಮ ಎಳೆಯದಾಗಿಯಾದರೂ ಇಲ್ಲಿ ಹುಟ್ಟಿದ್ದರೆ ತಾನೆ ರಕ್ಷಣೆಯ ಮಾತು? ಎರಡು ಸಾವಿರ ರೂಪಾಯಿಯ ಪೆಟ್ಟಿಗೆಗೆ ಸಾವಿರದ ನಾನೂರು ರೂಪಾಯಿ ಸುಂಕವೆಂದರೆ ಹದಿನೈದು ವರ್ಷದ ಹುಡುಗನೊಬ್ಬ ಈ ವಿದ್ಯೆಯಿಂದ ದೂರ ಉಳಿಯುತ್ತಾನೆ. ನಾನೇ ಆ ಕುರ್ಚಿಯಲ್ಲಿದ್ದಿದ್ದರೆ 'ಪ್ರತ್ಯೇಕ ವರ್ಗೀಕರಣದ ಅಗತ್ಯ ಕಂಡುಬರುವುದಿಲ್ಲ' ಎಂದು ಬರೆದು ರುಜು ಹಾಕುತ್ತಿದ್ದೆನೇನೋ ಎಂಬ ಅನುಮಾನವೂ ನನಗಿದೆ.

ಇರಲಿ, ನನ್ನ ಬಿಳಿ ಕಾರಿಗೆ ಬರುತ್ತೇನೆ. ಕಾರ್ಖಾನೆಯ ಬಣ್ಣವನ್ನು ತೆಗೆಯಲು ಉಗುರು ಬಣ್ಣ ಅಳಿಸುವ ದ್ರವವನ್ನು ಹತ್ತಿಯಲ್ಲದ್ದಿ ಬಾನೆಟ್ಟಿನ ಮೇಲೆ ತಿಕ್ಕಿದೆ. ಬಣ್ಣದ ಜೊತೆಗೆ ಬಾನೆಟ್ಟೂ ಕರಗಿ ಬೆರಳಿಗಂಟಿತು. ಆ ಗುಳಿಯನ್ನು ಎಂ-ಸೀಲ್ ಮೆತ್ತಿ, ತಿಕ್ಕಿ, ಮತ್ತೆ ಮೆತ್ತಿ ಸರಿಪಡಿಸಲು ಹನ್ನೊಂದು ದಿನ ಹಿಡಿಯಿತು. ಎಂದೂ ಇಷ್ಟು ದಿನ ಒಂದೇ ತಪ್ಪಿನೊಂದಿಗೆ ನಾನು ಕುಳಿತದ್ದಿಲ್ಲ. ಕಚೇರಿಯಲ್ಲಿ ತಪ್ಪಾದರೆ ತಿದ್ದುಪಡಿ ಆದೇಶ ಹೊರಡಿಸಬಹುದಿತ್ತು.

ಬಣ್ಣ ಬಳಿಯುವುದು ಇನ್ನೊಂದು ಪಾಠ. ನಿಜವಾದ ಕಾರಿನ ಮೇಲಿನ ಬಣ್ಣದ ಪದರ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ನಮ್ಮ ಮಾದರಿಯ ಮೇಲೆ ಅದರ ಅರ್ಧದಷ್ಟು ದಪ್ಪ ಬಳಿದರೂ ಮೂವತ್ತಾರರಿಂದ ಗುಣಿಸಿ ನೋಡಿ: ಸುಮಾರು ಎರಡು ಮಿಲಿಮೀಟರ್! ಗೋಡೆಗೆ ಗಾರೆ ಮೆತ್ತಿದಂತಾಗುತ್ತದೆ. ಬಾಗಿಲಿನ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಆದ್ದರಿಂದ ಹೊಗೆಯಂತೆ ತೆಳ್ಳಗೆ ಹಲವು ಬಾರಿ ಬಳಿದು, ಒಣಗಿದ ಮೇಲೆ ಎರಡು ಸಾವಿರದ ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಬೇಕು. ಸಂದುಗಳೊಳಗೆ ನೀರಾಗಿಸಿದ ಬೂದು ಬಣ್ಣ ಇಳಿಸಿದರೆ ಬಾಗಿಲುಗಳು ತೆರೆದುಕೊಳ್ಳುವಂತೆ ಕಾಣುತ್ತವೆ. ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಮೇಲೆ ಕಾಯಿಸಿ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ. ಅದು ವೈಪರ್ ಆಯಿತು. ಔಷಧಿ ಅಂಗಡಿಯಲ್ಲಿ ಸಿಗುವ ಬಿಳಿ ಕಾಗದದ ಪ್ಲಾಸ್ಟರು ಹಿಂದಿನ ಸೀಟಿನ ಮೇಲೆ ಹಾಸುವ ಟರ್ಕಿ ಟವೆಲ್ ಆಯಿತು. ಆ ಟವೆಲ್ ಇಲ್ಲದ ಸರ್ಕಾರಿ ಅಂಬಾಸಿಡರನ್ನು ಯಾರು ನಂಬುತ್ತಾರೆ?

ಚಕ್ರಗಳಿಗಾಗಿ ಚನ್ನಪಟ್ಟಣಕ್ಕೆ ಹೋದೆ. ಆಲೆಮರವನ್ನು ಲೇತಿಗೆ ಕೊಟ್ಟು ಅರಗು ಬಳಿಯುವ ಅಲ್ಲಿನ ಕುಶಲಕರ್ಮಿಯೊಬ್ಬರ ಮುಂದೆ 18.6 ಮಿಲಿಮೀಟರ್ ಎಂದು ಬರೆದ ಚೀಟಿ ಹಿಡಿದೆ. ಅವರು ಚೀಟಿಯನ್ನು ಬದಿಗಿಟ್ಟು 'ಲೆಕ್ಕ ಇರ್ಲಿ ಸ್ವಾಮಿ, ಕಾರು ಕೊಡಿ' ಎಂದರು. ಕಾರನ್ನು ತಿರುಗಿಸಿ ನೋಡಿ, ಕಣ್ಣಳತೆಯಲ್ಲಿಯೇ ಐದು ಚಕ್ರ ತೆಗೆದುಕೊಟ್ಟರು. ಮನೆಗೆ ಬಂದು ಅಳೆದೆ. ನಾಲ್ಕು ನಿಖರವಾಗಿದ್ದವು. ಕೊಂಚ ದಪ್ಪಗಿದ್ದ ಐದನೆಯದನ್ನು ಸ್ಟೆಪ್ನಿಯೆಂದು ಡಿಕ್ಕಿಯೊಳಗಿಟ್ಟೆ.

ಮಾರ್ಪಡಿಸುವ ಹವ್ಯಾಸದಲ್ಲಿ ಒಂದು ಪ್ರಲೋಭನೆಯಿದೆ. ಇದ್ದದ್ದನ್ನು ಇದ್ದಂತೆ ಮಾಡುವುದೋ, ಇರಬೇಕಾಗಿತ್ತು ಎನಿಸಿದ್ದನ್ನು ಮಾಡುವುದೋ? ನನ್ನ ಹುದ್ದೆಗೆ ಕೆಂಪು ದೀಪದ ಅರ್ಹತೆ ಎಂದೂ ಇರಲಿಲ್ಲ. 2017ರ ಮೇ 1ರಿಂದ ಆ ದೀಪ ಮಂತ್ರಿಗಳ ಕಾರಿನಿಂದಲೂ ಇಳಿಯಿತು. ಆದರೂ ಕೆಂಪು ಮಣಿಯೊಂದನ್ನು ಮಾದರಿಯ ನೆತ್ತಿಯ ಮೇಲಿಟ್ಟು ನೋಡಿದೆ, ಚೆನ್ನಾಗಿಯೇ ಕಂಡಿತು. ಕಾಫಿ ತಂದ ಹೆಂಡತಿ, 'ರೀ, ಕಾರಂತೂ ಸುಳ್ಳು, ದೀಪವೂ ಸುಳ್ಳಾಗಬೇಕೆ?' ಎಂದಳು. ಮಣಿ ಅವಳ ಡಬ್ಬಿಗೆ ಮರಳಿತು.

ನಿಜವಾದ ಕಷ್ಟ ಬಂದದ್ದು ಒಳಭಾಗಕ್ಕೆ. 1990ರ ದಶಕದಲ್ಲಿ ಹಲವು ವರ್ಷ ನಾನು ಅಂಬಾಸಿಡರಿನಲ್ಲಿ ಓಡಾಡಿದ್ದೇನೆ. ಬಹುಪಾಲು ಆಗಿನ ಗುಲ್ಬರ್ಗ, ಬೀದರ್ ಕಡೆಯ ರಸ್ತೆಗಳಲ್ಲಿ. ಹಿಂದಿನ ಸೀಟಿನ ಸ್ಪ್ರಿಂಗು ಎಲ್ಲಿ ಚುಚ್ಚುತ್ತಿತ್ತು, ಪರದೆಯ ಸರಿಗೆ ಎಲ್ಲಿ ಜೋಲುತ್ತಿತ್ತು ಎಂಬುದನ್ನು ಕಣ್ಣು ಮುಚ್ಚಿಕೊಂಡೇ ಮಾಡಬಲ್ಲೆ. ಮುಂದಿನ ಸೀಟಿನ ವಿಷಯಕ್ಕೆ ಬಂದಾಗ ಕೈ ನಿಂತಿತು. ನನಗೆ ನೆನಪಿದ್ದದ್ದು ಚಾಲಕರ ತಲೆಯ ಹಿಂಭಾಗ, ಅಂಗಿಯ ಕಾಲರು, ಅಷ್ಟೆ. ಅವರ ಕೈಕಾಲುಗಳು ಏನು ಮಾಡುತ್ತಿದ್ದವು ಎಂಬುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಊಹೆಯಿಂದ ಎರಡು ಸೀಟು ಮಾಡಿ, ನಡುವೆ ಗೇರಿನ ಕಡ್ಡಿ ನೆಟ್ಟೆ. ಮನಸ್ಸು ಒಪ್ಪಲಿಲ್ಲ. ಹಳೆಯ ದಿನಚರಿಯಲ್ಲಿ ಆ ಚಾಲಕರ ದೂರವಾಣಿ ಸಂಖ್ಯೆ ಹುಡುಕಿ, ಬಹಳ ವರ್ಷಗಳ ಮೇಲೆ ಕರೆ ಮಾಡಿದೆ. ಯಾವುದೋ ಪಿಂಚಣಿಯ ವಿಷಯವೆಂದು ಅವರು ಗಾಬರಿಯಾದರು.

ಒಂದು ಭಾನುವಾರ ಮಂಡ್ಯದಿಂದ ಬಂದರು. ನನಗಿಂತ ನಾಲ್ಕು ವರ್ಷ ಹಿರಿಯರು, ಈಗ ಮಂಡಿನೋವು. ಕುರ್ಚಿಯಲ್ಲಿ ಕೂರಲು ಎರಡು ಬಾರಿ ಹೇಳಬೇಕಾಯಿತು. ಕಾರನ್ನು ಅಂಗೈಯ ಮೇಲಿಟ್ಟುಕೊಂಡು, ಕನ್ನಡಕ ಸರಿಪಡಿಸಿಕೊಂಡು, ಗಾಜಿನ ಮೂಲಕ ಒಳಗಿಣುಕಿದರು. ಬಹಳ ಹೊತ್ತು ಮಾತಾಡಲಿಲ್ಲ.

'ಗೇರು ಇಲ್ಲಿರ್ಲಿಲ್ಲ ಸಾರ್. ನಮ್ಮದು ಸ್ಟೇರಿಂಗ್ ಪಕ್ಕದಲ್ಲೇ ಇತ್ತಲ್ಲ. ಸೀಟೂ ಅಷ್ಟೆ, ಈ ಬಾಗಿಲಿಂದ ಆ ಬಾಗಿಲಿಗೆ ಉದ್ದಕ್ಕೂ ಒಂದೇ.'

ಬ್ಲೇಡಿನಿಂದ ಸೀಟುಗಳನ್ನು ಕಿತ್ತೆ. ಹಳೆಯ ಬಣ್ಣ ತೆಗೆಯುವುದು ಹೇಗೆಂದು ತಿಳಿಯದೆ ಬಾನೆಟ್ಟು ಕರಗಿಸಿದ ಕಥೆ ಕೇಳಿ ಅವರು ನಕ್ಕುಬಿಟ್ಟರು. 'ಬ್ರೇಕ್ ಆಯಿಲ್ ಹಾಕ್ಬೇಕಿತ್ತು ಸಾರ್. ಒಂದು ತೊಟ್ಟು ಬಿದ್ರೆ ಬಣ್ಣ ಏಳ್ತದೆ ಅಂತ ನಾವು ಎಷ್ಟು ಹುಷಾರಾಗಿರ್ತಿದ್ವಿ.' ಅನಂತರ ನಾನು ಓದಿ ತಿಳಿದೆ, ವಿದೇಶದ ಹವ್ಯಾಸಿಗಳೂ ಅದನ್ನೇ ಬಳಸುತ್ತಾರೆ.

ಕೊನೆಗೆ ಅವರ ಬೆರಳು ಒಳಗಿನ ಕನ್ನಡಿಯ ಬಳಿ ನಿಂತಿತು. ಬೆಳ್ಳಿಕಾಗದದ ಚೂರಿನಿಂದ ಮಾಡಿ, ನೇರವಾಗಿ ಅಂಟಿಸಿದ್ದೆ.

'ಇದೂ ಹೀಗಿರ್ಲಿಲ್ಲ ಸಾರ್.'

'ಮತ್ತೆ?'

'ಸ್ವಲ್ಪ ಕೆಳಕ್ಕೆ ಬಗ್ಗಿಸಿರ್ತಿದ್ದೆ. ತಾವು ರಾತ್ರಿಯೆಲ್ಲ ಫೈಲ್ ನೋಡಿ ಬೆಳಿಗ್ಗೆ ಕಾರಿನಲ್ಲಿ ಕಣ್ಣು ಮುಚ್ಚೋರು. ನಿದ್ದೆ ಹತ್ತಿದೆಯೋ ಇಲ್ಲವೋ ನೋಡ್ಕೊಂಡು ಗುಂಡಿಯಲ್ಲಿ ನಿಧಾನ ಮಾಡ್ತಿದ್ದೆ.'

ಬೀದರಿನ ಆ ರಸ್ತೆ ನನಗೆ ಚೆನ್ನಾಗಿ ನೆನಪಿದೆ. ನಾನು ಕಣ್ಣು ಮುಚ್ಚಿದ ಕೂಡಲೇ ರಸ್ತೆ ನುಣುಪಾಗುತ್ತಿತ್ತು ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಚಿಮಟದಿಂದ ಕನ್ನಡಿಯನ್ನು ಬಿಡಿಸಿ, ಹೊಸದಾಗಿ ಒಂದು ಹನಿ ಅಂಟು ಹಾಕಿ, ಕೆಳಕ್ಕೆ ಬಾಗಿಸಿ ಹಿಡಿದೆ. ಅವರು ಕಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು.

'ಇನ್ನೂ ಒಂಚೂರು ಕೆಳಕ್ಕೆ, ಸಾರ್' ಎಂದರು.