ನಿಮಗಿದು ಗೊತ್ತೇ? ಒಂದೇ ಸೂರಿನಡಿ ಮಾತುಬಿಟ್ಟ ಯಂತ್ರಗಳು

ಬಲ್ಬ್ ಒಂದು ಕಂಪನಿಯದು, ಬಾಗಿಲ ಬೀಗ ಇನ್ನೊಂದರದು, ನಾವು ಹೇಳಿದ್ದನ್ನು ಕೇಳಿಸಿಕೊಳ್ಳುವ ಸ್ಪೀಕರ್ ಮತ್ತೊಂದರದು. ಮೂರಕ್ಕೂ ದುಡ್ಡು ಕೊಟ್ಟವರು ನಾವೇ. ಆದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಸ್ಮಾರ್ಟ್ ಸಾಧನ ಕೊಳ್ಳುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

● ಮನೆಯ ದೀಪಗಳನ್ನು ಕೂತಲ್ಲಿಂದಲೇ ಹೊತ್ತಿಸುವ ‘ಎಕ್ಸ್10’ ಪದ್ಧತಿ ಹುಟ್ಟಿದ್ದು 1975ರಲ್ಲಿ, ಸ್ಕಾಟ್ಲೆಂಡ್‌ನ ಪಿಕೊ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ. ಕರೆಂಟಿನ ತಂತಿಯಲ್ಲೇ ಸಂಕೇತವೂ ಹರಿಯುತ್ತಿತ್ತು. ಮನೆಗೊಂದು ಅಕ್ಷರ, ಸಾಧನಕ್ಕೊಂದು ಸಂಖ್ಯೆ, ಒಟ್ಟು 256 ವಿಳಾಸ. ಪಕ್ಕದ ಮನೆಯವರೂ ಅದೇ ಅಕ್ಷರ ಇಟ್ಟುಕೊಂಡಿದ್ದರೆ, ಅವರು ಗುಂಡಿ ಒತ್ತಿದಾಗ ಇವರ ದೀಪ ಹೊತ್ತಿಕೊಳ್ಳುವುದೂ ಇತ್ತು!

● ‘ಜಿಗ್‌ಬೀ’ ಎಂಬ ತಂತಿರಹಿತ ಪದ್ಧತಿಗೆ ಆ ಹೆಸರು ಬಂದದ್ದು ಜೇನುನೊಣದ ಕುಣಿತದಿಂದ. ಇದರಲ್ಲಿ ಸಂದೇಶ ಒಂದು ಬಲ್ಬಿನಿಂದ ಇನ್ನೊಂದಕ್ಕೆ ಕೈದಾಟುತ್ತಾ ಸಾಗುತ್ತದೆ. ನಡುಮನೆಯ ಬಲ್ಬನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸಿದರೆ, ಹಿತ್ತಿಲ ಬಾಗಿಲ ಸೆನ್ಸರ್ ಕೊಂಡಿ ಕಳೆದುಕೊಳ್ಳಬಹುದು. ಜಿಗ್‌ಬೀ 3.0 ಬರುವ ತನಕ ದೀಪಗಳಿಗೊಂದು, ಉಳಿದ ಸಾಧನಗಳಿಗೊಂದು ಒಳಪದ್ಧತಿ ಇತ್ತು. ಹೀಗಾಗಿ ಜಿಗ್‌ಬೀ ಎಂದು ಬರೆದಿದ್ದ ಎರಡು ಸಾಧನಗಳೇ ಹೊಂದಿಕೊಳ್ಳದೆ ಹೋಗುತ್ತಿದ್ದವು.

● ‘ಝಡ್-ವೇವ್’ ಎಂಬ ಇನ್ನೊಂದು ತಂತಿರಹಿತ ಪದ್ಧತಿಯ ಸಾಧನ ಅಮೆರಿಕದಲ್ಲಿ 908.42 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ, ಭಾರತದಲ್ಲಿ 865.2ರಲ್ಲಿ. ಅಲ್ಲಿರುವ ಮಗನೋ ತಮ್ಮನೋ ಸೂಟ್‌ಕೇಸಿನಲ್ಲಿ ತರುವ ಬೀಗ ಬ್ಯಾಟರಿಯದು, ವೋಲ್ಟೇಜಿನ ತಾಪತ್ರಯವಿಲ್ಲ ಎಂದುಕೊಳ್ಳುತ್ತೇವೆ. ನಮ್ಮ ಮನೆಗೂ ಹಾಗೊಂದು ಬಂದಿತ್ತು. ನಂಬರ್ ಒತ್ತಿದರೆ ಸಲೀಸಾಗಿ ತೆರೆಯುತ್ತಿತ್ತು. ಸಾಧನಗಳನ್ನು ಬೆಸೆಯಲೆಂದು ಇಲ್ಲಿ ಕೊಂಡ ಹಬ್‌ಗೆ ಮಾತ್ರ ಅದು ಕಡೆಯವರೆಗೂ ಕಾಣಿಸಲೇ ಇಲ್ಲ. ಆ್ಯಪ್‌ನಲ್ಲಿ ‘ಹುಡುಕುತ್ತಿದೆ’ ಎಂಬ ಸುತ್ತು ತಿರುಗುತ್ತಲೇ ಇತ್ತು.

● ಅಗ್ಗದ ಸ್ಮಾರ್ಟ್ ಪ್ಲಗ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಬಲ್ಲವು. ರೂಟರ್ 5 ಗಿಗಾಹರ್ಟ್ಸ್ ಒಂದನ್ನೇ ಬಿತ್ತರಿಸುತ್ತಿದ್ದರೆ, ಕೈಯಳತೆಯಲ್ಲಿದ್ದರೂ ಪ್ಲಗ್‌ಗೆ ಅದು ಸಿಗದು. ರೂಟರ್‌ನಲ್ಲಿ ಎರಡೂ ವೈಫೈಗಳಿಗೆ ಬೇರೆ ಬೇರೆ ಹೆಸರಿಟ್ಟು, ಪ್ಲಗ್ಗನ್ನು 2.4ಕ್ಕೆ ಜೋಡಿಸಿದರೆ ಎಷ್ಟೋ ಸಲ ಕೆಲಸ ಆಗಿಬಿಡುತ್ತದೆ.

● ಸ್ಮಾರ್ಟ್ ಸ್ವಿಚ್ ಆಫ್ ಆಗಿರುವಾಗಲೂ ಅದರೊಳಗಿನ ರೇಡಿಯೋ ಎಚ್ಚರವಿರಬೇಕು. ಅದಕ್ಕೇ ಹೆಚ್ಚಿನ ಸ್ವಿಚ್‌ಗಳಿಗೆ ನ್ಯೂಟ್ರಲ್ ವೈರ್ ಬೇಕು. ಎಷ್ಟೋ ಹಳೆಯ ಮನೆಗಳ ಸ್ವಿಚ್‌ಬೋರ್ಡಿಗೆ ಅದು ಬಂದಿರುವುದೇ ಇಲ್ಲ. ಕೊಳ್ಳುವ ಮುನ್ನ ಎಲೆಕ್ಟ್ರಿಷಿಯನ್ ಕೈಲಿ ಬೋರ್ಡ್ ಬಿಚ್ಚಿಸಿ ನೋಡಿ. ಹಾಗೆಯೇ, ಬಿಎಲ್‌ಡಿಸಿ ಫ್ಯಾನಿಗೆ ಸ್ಮಾರ್ಟ್ ರೆಗ್ಯುಲೇಟರ್ ಹೊಂದುವುದಿಲ್ಲ.

● ಕೆಲವು ಸಾಧನಗಳಲ್ಲಿ ‘ಲೈಟ್ ಹಾಕು’ ಎಂದ ಮಾತು ಸ್ಪೀಕರ್ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ಬಲ್ಬ್ ಕಂಪನಿಯ ಸರ್ವರ್‌ಗೆ ದಾಟಿ, ಆಮೇಲೆ ಅದೇ ಕೋಣೆಗೆ ಮರಳುತ್ತದೆ. ಆ ದಾರಿಯಲ್ಲಿ ಒಂದು ಕೊಂಡಿ ಕಳಚಿದರೂ ಆಳೆತ್ತರದಲ್ಲಿರುವ ಬಲ್ಬಿಗೆ ನಮ್ಮ ಮಾತು ಕೇಳಿಸದು.

● 2015ರ ಡಿಸೆಂಬರ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ‘ಹ್ಯೂ’ ಸ್ಮಾರ್ಟ್ ದೀಪಗಳಿಗೆ ಒಂದು ಅಪ್‌ಡೇಟ್ ಕಳಿಸಿ, ಬೇರೆ ಕಂಪನಿಗಳ ಬಲ್ಬ್‌ಗಳಿಗೆ ತನ್ನ ಪದ್ಧತಿಯ ಬಾಗಿಲು ಮುಚ್ಚಿತು. ಗ್ರಾಹಕರು ಸಿಟ್ಟಿಗೆದ್ದರು. ಕೆಲವೇ ದಿನಗಳಲ್ಲಿ ಕಂಪನಿ ಹೆಜ್ಜೆ ಹಿಂದಿಟ್ಟಿತು. ದನಿಯೆತ್ತಿದರೆ ಫಲವುಂಟು!

● ಹಲವು ಕಂಪನಿಗಳ ಸಾಧನಗಳನ್ನು ಬೆಸೆಯಲೆಂದೇ ಬಂದದ್ದು ‘ರಿವಾಲ್ವ್’ ಹಬ್. ಬೆಲೆ ಸುಮಾರು 300 ಡಾಲರ್. 2014ರಲ್ಲಿ ನೆಸ್ಟ್ ಎಂಬ ಕಂಪನಿ ರಿವಾಲ್ವ್ ಕಂಪನಿಯನ್ನು ಕೊಂಡಿತು. 2016ರ ಮೇ 15ಕ್ಕೆ ಸೇವೆ ನಿಂತಿತು. ಕೆಡದ, ಮುರಿಯದ ಡಬ್ಬಿ ಅಂದಿನಿಂದ ಕೆಲಸಕ್ಕೆ ಬಾರದಾಯಿತು.

● 2022ರ ಏಪ್ರಿಲ್‌ನಲ್ಲಿ ‘ಇನ್‌ಸ್ಟಿಯಾನ್’ ಎಂಬ ಸ್ಮಾರ್ಟ್ ಸಾಧನ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ನಿಂತವು. ಆ್ಯಪ್ ಸತ್ತಿತು. ಆದರೆ ಸ್ವಿಚ್ಚಿನಿಂದ ಸ್ವಿಚ್ಚಿಗೆ ನೇರವಾಗಿ ಜೋಡಿಸಿದ್ದ ದೀಪಗಳು ಉರಿಯುತ್ತಲೇ ಇದ್ದವು. ಅದೇ ವರ್ಷ ಬಳಕೆದಾರರ ಒಂದು ಗುಂಪೇ ಆ ಕಂಪನಿಯನ್ನು ಕೊಂಡು ಮತ್ತೆ ನಡೆಸಿತು.

● ಅಮೆಜಾನ್, ಆಪಲ್, ಗೂಗಲ್ ಮೂರೂ 2019ರ ಡಿಸೆಂಬರ್‌ನಲ್ಲಿ ಕೈಜೋಡಿಸಿದ್ದರ ಫಲವೇ ‘ಮ್ಯಾಟರ್’ ಎಂಬ ಎಲ್ಲರಿಗೂ ಒಂದೇ ಆದ ಪದ್ಧತಿ. ಇದರ ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಮ್ಯಾಟರ್ ಸಾಧನವನ್ನು ಒಂದಕ್ಕಿಂತ ಹೆಚ್ಚು ಕಂಪನಿಗಳ ಆ್ಯಪ್‌ಗಳಿಗೆ ಒಟ್ಟಿಗೇ ಸೇರಿಸಬಹುದು. ಜೋಡಿಸಲು ಬೇಕಾದದ್ದು ಅದರ ಮೇಲಿರುವ ಕ್ಯೂಆರ್ ಚೌಕ ಇಲ್ಲವೇ 11 ಅಂಕಿಯ ಸಂಖ್ಯೆ. ಗೋಡೆಗೆ ಕೂರಿಸುವ ಮೊದಲೇ ಅದರ ಫೋಟೊ ತೆಗೆದಿಡಿ.

● ಮ್ಯಾಟರ್ ಗುರುತೊಂದಿದ್ದರೆ ಸಾಲದು! ಫ್ರಿಜ್, ರೋಬೊ ಕಸಗುಡಿಸುವ ಯಂತ್ರಗಳು ಅದಕ್ಕೆ ಸೇರಿದ್ದೇ 2023ರ ಅಕ್ಟೋಬರ್‌ನಲ್ಲಿ, 1.2ನೇ ಆವೃತ್ತಿಯಲ್ಲಿ. ಆವೃತ್ತಿ ಒಪ್ಪಿದ್ದನ್ನು ನಿಮ್ಮ ಆ್ಯಪ್ ಇನ್ನೂ ಒಪ್ಪಿರದಿರಬಹುದು. ‘ಥ್ರೆಡ್’ ರೇಡಿಯೋ ಇರುವ ಸಾಧನವಾದರೆ ಅದನ್ನು ಮನೆಯ ನೆಟ್‌ವರ್ಕಿಗೆ ಬೆಸೆಯುವ ಬಾರ್ಡರ್ ರೂಟರ್ ಕೂಡ ಬೇಕು.

● ಪೌಲಸ್ ಸ್ಕೌಟ್ಸನ್ 2013ರಲ್ಲಿ ಶುರುಮಾಡಿದ ‘ಹೋಮ್ ಅಸಿಸ್ಟೆಂಟ್’ ಮುಕ್ತ ತಂತ್ರಾಂಶ. ಮನೆಯೊಳಗಿನ ಪುಟ್ಟ ಕಂಪ್ಯೂಟರಿನಲ್ಲೇ ಕೂತು, ಬೇರೆ ಬೇರೆ ಕಂಪನಿಗಳ ಸಾಧನಗಳ ನಡುವೆ ದುಭಾಷಿಯಾಗಿ ದುಡಿಯುತ್ತದೆ.

● ನಿಮ್ಮ ಮನೆಯ ಸಾಧನ ಯಾರ ಮಾತು ಕೇಳುತ್ತದೆ? ಇವತ್ತೇ ಪರೀಕ್ಷಿಸಿ. ರೂಟರ್ ಆನ್ ಇರಲಿ, ಅದಕ್ಕೆ ಬರುವ ಇಂಟರ್ನೆಟ್ ಕೇಬಲ್ ಮಾತ್ರ ತೆಗೆಯಿರಿ. ಈಗ ಅದೇ ವೈಫೈನಲ್ಲಿರುವ ಫೋನಿನಿಂದ ಬಲ್ಬ್ ಹೊತ್ತಿಸಿ. ಹೊತ್ತಿಕೊಂಡರೆ ಅದಕ್ಕೆ ನಿಮ್ಮ ಮನೆಯೊಳಗಿನ ಮಾತೇ ಸಾಕು. ಹೊತ್ತದಿದ್ದರೆ ಅದರ ಕೀಲಿ ಇನ್ನೂ ಕಂಪನಿಯ ಕೈಯಲ್ಲೇ ಇದೆ.