ಹಂದಿಮರಿಗೆ ತಾಯಿಯ ಹೆಪ್ಪು



ಯರಗಟ್ಟಿಯ ಮನೆಗಳಲ್ಲಿ ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಬೆರೆಸಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಹಾಲೆಲ್ಲ ಮೊಸರು. ಹೆಪ್ಪು ಕೆಟ್ಟದ್ದಾದರೆ ಹಾಲೂ ಹಾಳು. ಆ ಚಮಚದಲ್ಲಿರುವುದು ಬ್ಯಾಕ್ಟೀರಿಯಾಗಳ ದೊಡ್ಡ ಸಮುದಾಯ. ಇಂಥದೇ ಒಂದು ಹೆಪ್ಪು ತಾಯಿಹಂದಿಯಿಂದ ಮರಿಗಳಿಗೂ ದಾಟುತ್ತದೆ ಎಂಬುದು ನಿಮಗೆ ಗೊತ್ತೆ?

ಗಬ್ಬವಾದ ಹಂದಿ ಸುಮಾರು 114 ದಿನಗಳಿಗೆ, ಎಂದರೆ ಮೂರು ತಿಂಗಳು, ಮೂರು ವಾರ, ಮೂರು ದಿನಗಳಿಗೆ ಈಯುತ್ತದೆ. ಒಂದೇ ತಳಿಯ, ಒಂದೇ ಆಹಾರ ತಿಂದ ಎರಡು ಹಂದಿಗಳಲ್ಲಿ ಒಂದು ಹನ್ನೆರಡು ಮರಿ ಹಾಕಿ ಎಲ್ಲವನ್ನೂ ಬೆಳೆಸಬಹುದು. ಇನ್ನೊಂದು ಏಳೇ ಹಾಕಿ ಅದರಲ್ಲೂ ಕೆಲವನ್ನು ಕಳೆದುಕೊಳ್ಳಬಹುದು. ನಾಲ್ಕಾರು ಹಂದಿ ಸಾಕಿ ಬದುಕುವ ಕುಟುಂಬಕ್ಕೆ ಈ ವ್ಯತ್ಯಾಸವೇ ವರ್ಷದ ಲಾಭನಷ್ಟ. ವಂಶ, ವಯಸ್ಸು, ರೋಗ ಇವೆಲ್ಲ ಕಾರಣಗಳೇ. ಇವುಗಳ ಸಾಲಿಗೆ ವಿಜ್ಞಾನಿಗಳು ಈಗ ಕರುಳಿನ ಸೂಕ್ಷ್ಮಜೀವಿಗಳನ್ನೂ ಸೇರಿಸಿ ಪರೀಕ್ಷಿಸುತ್ತಿದ್ದಾರೆ.

ಹಂದಿ ತಾನಾಗಿ ಅರಗಿಸಲಾಗದ ನಾರಿನಂಶವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳನ್ನು ತಯಾರಿಸುತ್ತವೆ. ಇವು ತಾಯಿಗೆ ಶಕ್ತಿ ಕೊಡುತ್ತವೆ. ಬ್ಯುಟಿರಿಕ್ ಆಮ್ಲವಂತೂ ಕರುಳಿನ ಒಳಪದರಕ್ಕೇ ಆಹಾರ. ಒಳಪದರ ಗಟ್ಟಿಯಿದ್ದರೆ ಬ್ಯಾಕ್ಟೀರಿಯಾಗಳ ವಿಷ ರಕ್ತಕ್ಕೆ ಸೇರುವುದು ಕಡಿಮೆ. ಈಯುವ ದಿನಗಳಲ್ಲಿ ಹಂದಿಗೆ ಮಲಬದ್ಧತೆ ಸಾಮಾನ್ಯ. ಆಗ ಈ ವಿಷ ರಕ್ತಕ್ಕೆ ಹೆಚ್ಚಾಗಿ ಸೇರಿದರೆ ಜ್ವರ ಬರಬಹುದು, ಹಾಲೂ ಇಂಗಬಹುದು.

ಹಾಲು ಇಂಗಿದರೆ ಮರಿಗಳ ಗತಿ? ತಾಯಿಯ ರೋಗನಿರೋಧಕ ಕಣಗಳು ಗರ್ಭದಲ್ಲಿರುವ ಹಂದಿಮರಿಗೆ ದಾಟುವುದಿಲ್ಲ. ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣದ ಹಾಲಿನಿಂದಲೇ ಅವು ಬರಬೇಕು. ಅದೇ ಹೊತ್ತಿಗೆ ಜನನಮಾರ್ಗ, ಮೊಲೆಯ ಚರ್ಮ, ತಾಯಿಯ ಮಲ ಇವುಗಳಿಂದ ಮರಿಯ ಕರುಳಿಗೆ ಮೊದಲ ಹೆಪ್ಪು ಬೀಳುತ್ತದೆ.

ಹೆಚ್ಚು ಮರಿ ಹಾಕುವ ಹಂದಿಗಳ ಕರುಳಿನ ಬ್ಯಾಕ್ಟೀರಿಯಾ ಸಮುದಾಯ ಕಡಿಮೆ ಮರಿ ಹಾಕುವವುಗಳದ್ದಕ್ಕಿಂತ ಬೇರೆಯಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಎಚ್ಚರ! ಎರಡು ಸಂಗತಿಗಳು ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಹಂದಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ನಾರಿನಂಶ ಹೆಚ್ಚಿಸಿ, ಮರಿಗಳನ್ನು ಎಣಿಸಿ ತೂಗಬೇಕು. ಇಂಥ ಪ್ರಯೋಗಗಳಲ್ಲಿ ಮಲಬದ್ಧತೆ ತಗ್ಗಿದ್ದು ಕಂಡುಬಂದಿದೆ. ಮರಿಗಳ ಸಂಖ್ಯೆ ಮಾತ್ರ ಎಲ್ಲೆಡೆ ಹೆಚ್ಚಿಲ್ಲ.

ಹಾಗಾದರೆ ರೋಗ ಬರುವ ಮೊದಲೇ ಆಂಟಿಬಯಾಟಿಕ್ ಕೊಡುತ್ತಿದ್ದರಾಯಿತಲ್ಲ ಎನ್ನುವಿರಾ? ಅದು ಕಳೆಯ ಜೊತೆ ಬೆಳೆಯನ್ನೂ ಕಿತ್ತಂತೆ. ಬದುಕಿ ಉಳಿದ ರೋಗಾಣುಗಳು ಆ ಔಷಧಿಗೆ ಬಗ್ಗದಂತಾಗುತ್ತವೆ. ಮನುಷ್ಯರ ಕಠಿಣ ಸೋಂಕುಗಳಿಗೆ ಕೊನೆಯ ಅಸ್ತ್ರವಾಗಿರುವ ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಭಯದಿಂದಲೇ.

ಇಂದು ರಾತ್ರಿ ನೀವೂ ಒಂದು ಪ್ರಯೋಗ ಮಾಡಿ. ಕಾಯಿಸಿ ಆರಿಸಿದ ಒಂದೇ ಹಾಲನ್ನು ಎರಡು ಬಟ್ಟಲಿಗೆ ಸುರಿದು, ಒಂದಕ್ಕೆ ಮಾತ್ರ ಹೆಪ್ಪು ಹಾಕಿ, ಎರಡನ್ನೂ ಒಂದೇ ಕಡೆ ಇಡಿ. ಬೆಳಿಗ್ಗೆ ನೋಡಿ. ಬದಲಿಸಿದ್ದು ಒಂದನ್ನೇ ಆದ್ದರಿಂದ ಕಾರಣವನ್ನು ಧೈರ್ಯವಾಗಿ ಹೇಳಬಲ್ಲಿರಿ. ಹಂದಿಯ ಕರುಳಿನ ವಿಷಯದಲ್ಲಿ ವಿಜ್ಞಾನಿಗಳು ಹುಡುಕುತ್ತಿರುವುದೂ ಅಂಥ ಧೈರ್ಯವನ್ನೇ.